ಡ್ರಾಯರಿನ ಆರೋಗ್ಯ

ಹಲೋ... ಯಾರು ಮಾತಾಡೋದು? ಸ್ವಲ್ಪ ಜೋರಾಗಿ ಹೇಳಿ, ವಾರ್ಡಲ್ಲಿ ಎಲ್ಲರ ನೆಂಟರೂ ಬಂದು ಕೂತಿದಾರೆ... ಬೆಗಾಯಿಮ್? ನೀನೇನೇ! ಆಪರೇಷನ್ ವಿಭಾಗದ ಫೋನಿಂದ ಮಾಡಿದ್ಯಲ್ಲ, ಕೆಲಸಕ್ಕೆ ಕರೀತಿದಾರೆ ಅಂತ ಚಪ್ಪಲಿ ಹುಡುಕ್ತಿದ್ದೆ.

...

ಹಾಂ, ನಾಳೆ ಬೆಳಿಗ್ಗೆ. ಎಡಗಡೆ ಎದೆ ಪೂರ್ತಿ ತೆಗೀತಾರಂತೆ... ಅಳಬೇಡ್ವೇ. ಇಪ್ಪತ್ತೆರಡು ವರ್ಷ ಓಶ್ ಊರಿನ ಗಂಡಸರ ಮೂಳೆ ಕೊರೆದವಳು ನಾನು, ನಿನ್ನೆ ರಕ್ತ ತೆಗೆಯೋ ಸೂಜಿ ನೋಡಿ ಕಣ್ಣು ಮುಚ್ಕೊಂಡುಬಿಟ್ಟೆ! ನರ್ಸು, 'ಊಲ್ಕಾನ್ ಡಾಕ್ಟ್ರೇ, ಕಣ್ಬಿಡಿ, ಆಯ್ತು' ಅಂದ್ಲು. ಇದ್ದಬದ್ದ ಮಾನವೂ ಹೋಯ್ತು.

...

ಈ ಕ್ಯಾನ್ಸರ್ ಎಕ್ಸ್‌ರೇಯಿಂದಲೇ ಬಂತು ಅಂತ ಯಾರು ಹೇಳಕ್ಕಾಗುತ್ತಮ್ಮ? ಇಲ್ಲಿನ ದೊಡ್ಡ ಡಾಕ್ಟ್ರು ನನ್ನ ಬಿಲ್ಲೆ ವರದಿ ತರಿಸಿ ನೋಡಿದ್ರು. ವಿಕಿರಣ ಅಳೆಯೋ ಬಿಲ್ಲೆ ಇದ್ಯಲ್ಲ, ಅದು. ಇಪ್ಪತ್ತೆರಡು ವರ್ಷಕ್ಕೂ ಸೊನ್ನೆ! 'ನೀವು ಎಕ್ಸ್‌ರೇ ಹತ್ರ ಹೋಗೇ ಇಲ್ವಲ್ಲ' ಅಂದ್ರು. ಹೋಗದೇ ಇದ್ದಿದ್ದು ಬಿಲ್ಲೆ ಸ್ವಾಮಿ, ನಾನಲ್ಲ ಅಂತ ಹೇಗೆ ಹೇಳ್ಲಿ? ಅದು ಡ್ರಾಯರಲ್ಲಿ ಬೆಚ್ಚಗೆ ಮಲಗಿತ್ತು. ನಮ್ಮ ವಿಭಾಗದಲ್ಲಿ ಆ ಡ್ರಾಯರಿನಷ್ಟು ಆರೋಗ್ಯವಂತರು ಯಾರೂ ಇಲ್ಲ ಕಣೇ.

...

ನಗು, ನಗು. ಬಿಲ್ಲೇಲಿ ಅಳತೆ ಮೀರಿದ್ರೆ ನಮ್ಮ ವಿಭಾಗದ ಮುಖ್ಯಸ್ಥರು, ಒರೋಜ್‌ಬೆಕ್ ಸಾಹೇಬ್ರು, ಮೂರು ತಿಂಗಳು ಆಪರೇಷನ್ನಿಂದ ಇಳಿಸಿ ಪ್ಲಾಸ್ಟರ್ ಹಾಕೋಕೆ ಕೂರಿಸ್ತಾರಲ್ಲ. ಗಂಡಸರನ್ನ ಇಳಿಸಿದ್ರೆ 'ಪಾಪ, ದಣಿದಿದಾನೆ'. ನನ್ನ ಇಳಿಸಿದ್ರೆ 'ಹೆಂಗಸರ ಕೈಲಾಗೋ ಕೆಲಸವಾ ಇದು?' ನಾನು ಮಹಾ ಬುದ್ಧಿವಂತೆ, ಅಲ್ವಾ? ಬಿಲ್ಲೆ ತೆಗೆದಿಟ್ಟು ಒಳಗೆ ಹೋದೆ.

...

ಸೀಸದ ಏಪ್ರನ್ನಾ? ಅದನ್ನ ಒರೋಜ್‌ಬೆಕ್ ಹೊಟ್ಟೆ ನೋಡಿ ತರಿಸಿದ್ದು. ನಾನು ಕೈ ಎತ್ತಿದ್ರೆ ಕಂಕುಳೆಲ್ಲ ಹೊರಗೆ. ಗಂಟು ಇರೋದೂ ಅಲ್ಲೇ... ನಂಗೆ ಐವತ್ತು ತುಂಬಿದಾಗ ಆಸ್ಪತ್ರೆಯವರು ಮರ್ಯಾದೆಗೆ ಅಂತ ಕಸೂತಿ ನಿಲುವಂಗಿ, ಆ ಚಪಾನು, ಹೊದಿಸಿದ್ರಲ್ಲ, ನೆನಪಿದ್ಯಾ? ಅದಕ್ಕೆ ದರ್ಜಿ ಮೂರು ಸಲ ಬಂದು ಅಳತೆ ತಗೊಂಡ! ಎಷ್ಟು ಚೆನ್ನಾಗಿ ಕೂತಿತ್ತು ಮೈಮೇಲೆ. ಇದೇ ದರ್ಜಿ ಕೈಲಿ ಏಪ್ರನ್ನೂ ಸರಿಮಾಡಿಸಿ ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಫೋಟೋಗೆ ಹಲ್ಲು ಕಿರಿದುಕೊಂಡು ನಿಂತಿದ್ದೆ.

...

ಇರು, ಏನಂದೆ? ತೊಡೆ ಮೂಳೆಗೆ ಸರಳು ಹಾಕ್ತಿದ್ದೀಯಾ? ಇನ್ನರ್ಧ ಗಂಟೇಲಿ? ಭೇಷ್. ಸರಳು ಸರಿಯಾಗಿ ಕೂತಿದ್ಯಾ ನೋಡೋಕೆ ಎಕ್ಸ್‌ರೇ ಒತ್ತಿದಾಗೆಲ್ಲ ದೂರ ನಿಲ್ಲು. ಬಿಲ್ಲೆ ಹಾಕ್ಕೊಂಡಿದ್ದೀಯಲ್ಲ?

...

ಬೆಗಾಯಿಮ್, ಕೇಳಿಸ್ತಾ? ನಿನ್ನ ಬಿಲ್ಲೆ ಎಲ್ಲಿ?

...

ಡ್ರಾಯರಲ್ಲಿ... ಅಯ್ಯೋ ನನ್ನ ಕರ್ಮವೇ.

...

ಹೌದು, ನಾನೇ ಹೇಳಿಕೊಟ್ಟಿದ್ದು. ನೀನು ಸೇರಿದ ಮೊದಲನೇ ದಿನ, ಚಹಾ ಬಗ್ಗಿಸಿಕೊಡ್ತಾ, ಏನೋ ದೊಡ್ಡ ಗುಟ್ಟು ಹೇಳೋ ಥರ ಹೇಳಿಕೊಟ್ಟೆ. ಈಗ ಬೈಯೋಕೂ ನಂಗೆ ಬಾಯಿಲ್ಲ. ಮನೇಲಿ ಎರಡು ವರ್ಷದ ಮಗು ಇದೆ ನಿಂಗೆ. ಭಯ ಆಗುತ್ತೆ ಕಣೇ... ಈಗಲೇ ತೆಗೆದು ಹಾಕ್ಕೋ. ಫೋನ್ ಇಡಬೇಡ, ಡ್ರಾಯರು ನಿನ್ನ ಮೊಣಕೈ ಕೆಳಗೇ ಇದೆಯಲ್ಲ. ಒರೋಜ್‌ಬೆಕ್ ಇಳಿಸಿದ್ರೆ ಇಳಿಸ್ಲಿ, ಪ್ಲಾಸ್ಟರ್ ಹಾಕು. ತೆಗೆದ್ಯಾ?

...

ನಿಂದು ಯಾವುದು ಅಂತ ಹುಡುಕಬೇಕಾ? ಹಾಗಂದ್ರೆ? ಎಷ್ಟಿವೆ ಅಲ್ಲಿ?

...

ಐದು? ನಂದು, ನಿಂದು... ಇನ್ನು ಮೂರು ಯಾರದು? ಹೆಸರು ಓದು... ಜಾಂಗಿಲ್... ಮೀರಿಮ್... ಹಾಂ? ಆ ಹೊಸ ಹುಡುಗಿದಾ? ಅವಳು ಸೇರಿ ಒಂದು ವಾರ ಆಗಿಲ್ವಲ್ಲೇ! ನನ್ನ ಮುಖ ಕೂಡ ನೋಡಿಲ್ಲ ಅವಳು. ಅವಳಿಗೆ ಯಾರು ಹೇಳಿಕೊಟ್ಟಿದ್ದು?

...

ನೀನಾ?

...

ಅಳಬೇಡ. ಸುಮ್ನಿರು... ನಂದೊಂದು ಅಲ್ಲೇ ಬಿಡು, ಮಿಕ್ಕ ನಾಲ್ಕೂ ತಗೋ. ಎಲ್ಲರಿಗೂ ನೀನೇ ಕೈಯಾರೆ ಸಿಕ್ಕಿಸು. ಮೊದಲು ಆ ಹುಡುಗಿಗೆ. ಕೇಳಿದ್ರೆ, ಊಲ್ಕಾನ್ ಅಕ್ಕ ಹೇಳಿಕೊಟ್ಟಿದ್ದು ತಪ್ಪು ಅಂತ ಹೇಳು, ಊಲ್ಕಾನ್ ಅಕ್ಕನೇ ಹೇಳಿದ್ಲು ಅಂತ... ಹಲೋ? ಅವಳ ಹೆಸರೇನು ಅಂದೆ? ಬೆಗಾಯಿಮ್? ಹಾಕ್ಕೊಂಡ್ಯಾ? ಹಲೋ... ಹಲೋ...