ಲಾಕರಿನೊಳಗಿನ ಸೀಟು

ಸೂಳಗಿರಿಯ ಕಾರ್ಖಾನೆ ಗೇಟಿನೆದುರು ಟೀ ಅಂಗಡಿ ಇಟ್ಟಿದ್ದ ಗೋವಿಂದಮ್ಮನಿಗೆ, ಬೆಂಚಿನ ಮೇಲೆ ಕೂತಿದ್ದ ಅಪ್ಪ ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಐದು ಗಂಟೆಯೊಳಗೆ ಓಟಿಪಿ ಹಾಕ್ದಿದ್ರೆ ಇಂಜಿನಿಯರಿಂಗ್ ಸೀಟು ಬೇರೆಯವ್ರಿಗೆ ಹೋಗ್ಬುಡ್ತದೆ ಅಪ್ಪ.”

“ಅದು ಮುನಿಕೃಷ್ಣನ ಫೋನಿಗ್ಯಾಕವ್ವ ಬತ್ತದೆ?”

“ಡಿಪ್ಲೊಮಾ ಸೇರ್ದಾಗ ಮನೇಲಿದ್ದಿದ್ದು ಅಣ್ಣನ ಫೋನೊಂದೇ. ಈಗ್ಲೂ ಅದೇ ನಂಬರು ಕೊಟ್ಬುಟ್ಟೆ.”

“ವಾಚ್‌ಮನ್ ಏನಂದ?”

“ಕೆಲ್ಸಕ್ಕೆ ಹೋಗೋರು ಫೋನು ಲಾಕರಲ್ಲಿಟ್ಟು ಹೋಗ್ಬೇಕಂತೆ. ಕೀ ಅಣ್ಣನತ್ರಾನೇ ಐತೆ. ಆರು ಗಂಟೆಗೆ ಶಿಫ್ಟು ಮುಗ್ದ್ಮೇಲೇ ಹೊರಗೆ ಬರೋದಂತೆ.”

“ಸೀಟಿನ ವಿಷ್ಯ ಹೇಳ್ದೇನವ್ವ?”

“ಹೇಳ್ದೆ. ಮನೇಲಿ ಸಾವಾದ್ರೆ ಮಾತ್ರ ಮಧ್ಯದಲ್ಲಿ ಬಿಡೋದಂತೆ.”

“ಈ ಸೀಟು ಹೋದ್ರೆ?”

“ನಾಳೆಯಿಂದ ನಾನೂ ಈ ಗೇಟೊಳಕ್ಕೇ.”

ಅಪ್ಪ ಟೀ ಲೋಟ ಬೆಂಚಿನ ಮೇಲಿಟ್ಟ.

“ನಾನು ಸತ್ತೋದೆ ಅಂತ ಹೇಳು.”

“ಏನಪ್ಪ ನೀನು.”

“ನಮ್ಮ ಮನೇಲಿ ಹತ್ತನೇ ಕ್ಲಾಸು ದಾಟ್ದೋಳು ನೀನೊಬ್ಳೇ ಕಣವ್ವ. ಹೋಗು.”

“ಅಣ್ಣ ನಿಜ ಅನ್ಕೊಂಬುಟ್ರೆ? ಎದೆ ಒಡ್ಕೊಂಡಾನು.”

“ಮೊದ್ಲು ಓಟಿಪಿ ಹಾಕ್ಸು. ಆಮೇಲೆ ನಾನೇ ಅವನ ಎದುರಿಗೆ ಬತ್ತೀನಿ.”

“ನೀನಿಲ್ಲಿ ಕೂತಿರೋದು ವಾಚ್‌ಮನ್‌ಗೆ ಕಾಣ್ತದೆ.”

“ಲಾರಿ ಹಿಂದಕ್ಕೋಗ್ತೀನಿ.”

ಮಗಳು ಕಾಲೆಳೆಯುತ್ತ ಗೇಟಿನತ್ತ ಹೊರಟಳು. ಅಪ್ಪ ಟವೆಲನ್ನು ತಲೆ ಮೇಲೆಳೆದುಕೊಂಡು, ಕಲ್ಲು ತುಂಬಿ ನಿಂತಿದ್ದ ಲಾರಿಯ ಹಿಂದೆ ಕುಕ್ಕರುಗಾಲಲ್ಲಿ ಕೂತ. ಗೇಟಿನ ಕಡೆಯಿಂದ “ನಮ್ಮಪ್ಪ” ಎಂದು ಮಗಳು ಗೋಳಾಡುವುದು ಕೇಳಿದೊಡನೆ ಅವನು ಎರಡೂ ಕಿವಿ ಮುಚ್ಚಿಕೊಂಡ.