ಬಾವಿಯೊಳಗಿನ ಚಿಟಪಟ

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋಕಾಗಲ್ಲ. ಇದು ಆದದ್ದು ನಮ್ಮ ದೊಡ್ಡಪ್ಪನ ಮಗಳು ಅಕ್ಕನಿಗೆ. ಯಾರದೋ ಬಾಯಿಂದ ಬಂದದ್ದಲ್ಲ, ಅವಳೇ ಹೇಳಿದ್ದು.

ರಾತ್ರಿ ಒಂದೂವರೆ. ಅಕ್ಕ ಕೆಲಸ ಮುಗಿಸಿ ಒಬ್ಬಳೇ ನಡೆದು ಬರ್ತಿದ್ದಳು. ಬಂದರಿನ ಹಿಂದೆ, ಬಲೆ ಹೊಲಿಯೋ ಶೆಡ್ಡಿನ ಪಕ್ಕ ಒಂದು ಹಳೇ ಬಾವಿ. ಕಡಲಿಗೆ ಅಷ್ಟು ಹತ್ತಿರ ಇದ್ದರೂ ಸಿಹಿನೀರು. ಅವತ್ತು ಅವಳಿಗೆ ಸಿಟ್ಟಿಗೆ ಮೈಯೆಲ್ಲ ಉರೀತಿತ್ತು. ಭಯಕ್ಕೆ ಜಾಗವೇ ಇರಲಿಲ್ಲ.

ಯಾಕೆ ಅಂತೀರಾ? ಅಕ್ಕ ಬಂದರಿನ ಹತ್ತಿರದ ಸಾಕಣೆ ಕೇಂದ್ರದಲ್ಲಿ ಸಿಂಪಿ, ಅಂದ್ರೆ ಕಡಲ ಚಿಪ್ಪಿನ ಪ್ರಾಣಿ, ಅದರ ಮರಿಗಳನ್ನ ತೊಟ್ಟಿಗಳಲ್ಲಿ ಸಾಕೋಳು. ಸಾಸಿವೆಗಿಂತ ಸಣ್ಣವು. ಎರಡು ವಾರ ನೀರಲ್ಲಿ ಈಜಾಡಿ, ಆಮೇಲೆ ಗಟ್ಟಿ ಜಾಗ ಹುಡುಕಿ ಅಂಟಿಕೊಳ್ಳಬೇಕು. ಅಂಟದಿದ್ದರೆ ಸತ್ತವು. ಆ ಜಾಗ ಹೇಗೆ ಹುಡುಕುತ್ತವೆ ಗೊತ್ತಾ? ಸದ್ದು ಹಿಡಿದು. ಕಡಲೊಳಗಿನ ಬಂಡೆಸಾಲು ಸುಮ್ಮನಿರಲ್ಲ. ಸೀಗಡಿ ಇಕ್ಕಳದಂಥ ಕಾಲು ಬಡಿಯುತ್ತೆ, ಚಿಟ್... ಚಿಟಪಟ... ಚಿಟ್, ಹಸಿ ಸೌದೆ ಉರಿದ ಹಾಗೆ. ಮೀನು ಗುರ್... ಗುರ್ ಅನ್ನುತ್ತೆ. ಮರಿಗಳು ಆ ಕಡೆ ಹೋಗಿ ಕೂರುತ್ತವೆ.

ಬಂದರು ದೊಡ್ಡದು ಮಾಡೋಕೆ ಆ ಬಂಡೆಸಾಲನ್ನ ಎರಡು ವರ್ಷದ ಹಿಂದೆ ಒಡೆದು ತೆಗೆದರು. ಈಗ ಹಗಲೂ ರಾತ್ರಿ ಕಂಬ ಬಡಿಯೋ ಯಂತ್ರ. ಧಡ್... ಧಡ್... ದಡದಲ್ಲಿ ನಮಗೇ ಎದೆ ಅದುರುತ್ತೆ, ನೀರೊಳಗೆ ಕೇಳಬೇಕಾ! ತೊಟ್ಟಿಗಳ ಗೋಡೆ ಗುಂಯ್ ಅನ್ನುತ್ತಿತ್ತು. ಒಂದಾದ ಮೇಲೊಂದು ನಾಲ್ಕು ತೊಟ್ಟಿ ಮರಿ ಅಂಟದೆ, ಹಿಟ್ಟು ಕೂತ ಹಾಗೆ ತಳಕ್ಕೆ ಕೂತು ಸತ್ತವು. ಉಳಿದಿದ್ದು ಒಂದೇ ತೊಟ್ಟಿ.

ಅಕ್ಕ ಮ್ಯಾನೇಜರಿಗೆ ಹೇಳಿದಳು, ಬರೆದು ಕೊಟ್ಟಳು, ಮತ್ತೆ ಬರೆದು ಕೊಟ್ಟಳು. "ರಾತ್ರಿ ಪಾಳಿಯಾದರೂ ನಿಲ್ಲಿಸಿ ಅಂತ ಕೇಳಿ ಸಾರ್, ಹದಿನೈದೇ ದಿನ."

"ಕಿವಿಯೇ ಇಲ್ಲದ್ದಕ್ಕೆ ಸದ್ದಿನ ಚಿಂತೆ ಯಾಕಮ್ಮ?"

"ಮೈಯೊಳಗೆ ಮರಳಿನ ಹರಳಿನಂಥದ್ದು ಇರುತ್ತೆ ಸಾರ್. ಅದು ಅಲುಗಿದರೆ ಗೊತ್ತಾಗುತ್ತೆ."

ನೀರೊಳಗೆ ಇಳಿಬಿಡೋ ಮೈಕಿನಲ್ಲಿ ಸದ್ದು ಹಿಡಿದು ಕೇಳಿಸಿದಳು. ಆ ಮಹಾನುಭಾವ ಹೆಡ್‌ಫೋನ್ ತೆಗೆದಿಟ್ಟು, "ಮೈಕ್ ಕೆಟ್ಟಿದೆ, ಹೆಡ್ ಆಫೀಸಿಗೆ ಒಯ್ದು ತೋರಿಸಿ" ಅಂದ. ಅದಕ್ಕೇ ಆ ರಾತ್ರಿ ಮೈಕು, ವೈರು, ಹೆಡ್‌ಫೋನು ಎಲ್ಲ ಅವಳ ಚೀಲದಲ್ಲಿದ್ದವು.

ಬಾವಿ ದಾಟಿ ನಾಲ್ಕು ಹೆಜ್ಜೆ ಹೋಗಿರಬೇಕು...

ಚಿಟ್... ಚಿಟಪಟ... ಚಿಟ್.

ನಿಂತಳು. ಸದ್ದು ಬಾವಿಯಿಂದ. ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಇವಳು ವಾಪಸ್ ಬಂದು, ಹೆಡ್‌ಫೋನ್ ಹಾಕ್ಕೊಂಡು, ಮೈಕನ್ನ ಬಾವಿಗೆ ಇಳಿಬಿಟ್ಟಳು! ಕೈಯಲ್ಲಿ ವೈರು. ಕಿವಿ ತುಂಬ ಸೀಗಡಿ. ಗುರ್... ಗುರ್... ಒಡೆದು ತೆಗೆದ ಬಂಡೆಸಾಲು ಪೂರ್ತಿ ಕೆಳಗಿತ್ತು.

ಆಮೇಲೆ ತೀರಾ ಹತ್ತಿರ, ಉಗುರಿಂದ ಮೈಕ್ ಕೆರೆದ ಹಾಗೆ. ಕರ್... ಕರ್... ಕರ್.

ಅಕ್ಕ ಆ ಸದ್ದಿನ ಗುರುತು ಹಿಡಿದಳು. ಕಡಲ ತಳದಲ್ಲಿ ಮೈಕ್ ಇಟ್ಟಾಯ್ತು ಅಂತ ಹಾಗೆ ಮೂರು ಸಲ ಕೆರೆಯುತ್ತಿದ್ದವರು ಒಬ್ಬರೇ. ಅವಳ ಜೊತೆ ಕೆಲಸ ಮಾಡುತ್ತಿದ್ದ ಡೈವರ್ ಅಣ್ಣ. ಬಂಡೆ ಒಡೆಯೋ ಮೊದಲ ವಾರ ಮುಳುಗಿದವರು ಮೇಲೆ ಬರಲೇ ಇಲ್ಲ. ಹೆಣವೂ ಸಿಗಲಿಲ್ಲ.

"ಅಣ್ಣಾ... ನೀವಾ?" ಪಿಸುಗುಟ್ಟಿದಳು.

ಗುಳುಗುಳು ಅಂತ ಗುಳ್ಳೆ ಎದ್ದವು. ಆಮೇಲೆ ದನಿ, ಬಾಯಲ್ಲಿ ನೀರಿಟ್ಟುಕೊಂಡು ಮಾತಾಡಿದ ಹಾಗೆ. "ಅಲ್ಲಿ ಗಲಾಟೆ... ಮರಿಗಳನ್ನ ಇಲ್ಲಿಗೆ ಕರೆದೆ."

ಭಯಪಡೋದು ಬಿಟ್ಟು ಅಕ್ಕನಿಗೆ ಅಳು ನುಗ್ಗಿ ಬಂತು. "ನಾನೂ ಗಂಟಲು ಹರಿಯೋ ಹಾಗೆ ಹೇಳ್ತಾ ಇದ್ದೀನಿ ಅಣ್ಣ. ಒಬ್ಬರೂ ಕೇಳ್ತಿಲ್ಲ."

"ನಿಮಗೆ... ಗಂಟಲಾದರೂ ಇದೆಯಲ್ಲಮ್ಮ."

ಅಷ್ಟೇ. ವೈರನ್ನ ಯಾರೋ ಕೆಳಗಿಂದ ಎಳೆದರು. ಜಗ್ಗಲಿಲ್ಲ, ಮೆಲ್ಲಗೆ ಇಸ್ಕೊಂಡ ಹಾಗೆ. ಅಕ್ಕ ಹೆಡ್‌ಫೋನ್ ಕಳಚಿ ವೈರು ಬಿಟ್ಟಳು.

ಬೆಳಿಗ್ಗೆ ನೋಡಿದರೆ ಕೊನೇ ತೊಟ್ಟಿ ಖಾಲಿ. ನೀರಿದೆ, ಮರಿಯಿಲ್ಲ. ತಳದಲ್ಲಿ ಸತ್ತವೂ ಇಲ್ಲ. ಅಕ್ಕ ನಡೆದದ್ದನ್ನೆಲ್ಲ ಹೇಳಿದರೆ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: "ಮೈಕ್ ಎಲ್ಲಿ?" ಅವಳ ಮೇಲೆ ಮೆಮೊ ಬರೆದ. ಮೈಕ್ ಹುಡುಕೋಕೆ ಪಂಪು ಹಾಕಿಸಿ ಬಾವಿ ಬತ್ತಿಸೋಕೆ ಹೊರಟ. ನೋಡೋಕೆ ನಾನೂ ಹೋಗಿದ್ದೆ.

ನೀರು ಅರ್ಧಕ್ಕೆ ಇಳಿದಾಗ ಪಂಪಿನವನು ತಾನಾಗಿಯೇ ಸ್ವಿಚ್ ಆರಿಸಿಬಿಟ್ಟ. ಬಾವಿಯ ಸುತ್ತಲೂ, ಕಲ್ಲು ಕಾಣದ ಹಾಗೆ, ಅಂಗೈಯಗಲದ ಸಿಂಪಿ. ಅಷ್ಟು ಬೆಳೆಯೋಕೆ ಎರಡು ವರ್ಷ ಬೇಕು. ಕಡಲ ಸಿಂಪಿ ಸಿಹಿನೀರಲ್ಲಿ ಎರಡು ವಾರವೂ ಬದುಕಲ್ಲ.

"ಹಳೇ ಚಿಪ್ಪು. ಕಟ್ಟುವಾಗ ಗಾರೆಗೆ ಹಾಕಿರ್ತಾರೆ" ಅಂದ ಮ್ಯಾನೇಜರ್. ಅಕ್ಕ ಏಣಿ ಇಳಿದು ಒಂದನ್ನ ಬೆರಳಲ್ಲಿ ಮುಟ್ಟಿದಳು. ಟಪ್. ಮುಚ್ಚಿಕೊಂಡಿತು. ಅವನು ಆಗಲೇ ಬೆನ್ನು ತಿರುಗಿಸಿ, "ಉಪಕರಣ ಸಿಕ್ಕಿಲ್ಲ" ಅಂತ ಬರೆಸುತ್ತಿದ್ದ.

ಕಂಬ ಬಡಿಯೋದು ನಿಲ್ಲಲಿಲ್ಲ. ಅಕ್ಕ ಆ ಕೆಲಸ ಬಿಟ್ಟಳು.

ನಗಬೇಡಿ. ಪಂಪು ಎತ್ತಿ ಹಾಕಿದ ನೀರನ್ನ ಅವತ್ತು ನಾನೇ ಬೊಗಸೆಯಲ್ಲಿ ಹಿಡಿದು ಕುಡಿದು ನೋಡಿದ್ದೀನಿ. ಒಂದು ಚೂರೂ ಉಪ್ಪಿರಲಿಲ್ಲ.