ಕಾರಣದ ಕಾಲಂ

ಹಲ್ಲಿನ ಡಾಕ್ಟರ ಹೊರಕೋಣೆಯ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ, ತಮ್ಮ ಇಬ್ಬರು ಕೂತಿದ್ದರು. ತಮ್ಮನಿಗೆ ಐವತ್ತು ದಾಟಿತ್ತು. ದೂರ ಹೋದ ಆಕಾಶನೌಕೆಗಳ ಜಾಡು ಹಿಡಿಯುವ ಕಚೇರಿಯಲ್ಲಿ ಅವನು ಮುಖ್ಯಸ್ಥನೆಂದು ಮಾತಿನಿಂದಲೇ ತಿಳಿಯಿತು.

“ನೌಕೆ ಲೆಕ್ಕಕ್ಕಿಂತ ದಿನಾ ಒಂದಿಷ್ಟು ಹಿಂದೆ ಬೀಳ್ತಿತ್ತು ಅಕ್ಕ. ಯಾಕೆ ಅಂತ ಯಾರಿಗೂ ತಿಳೀಲಿಲ್ಲ.”

“ಹಾಗಂತಲೇ ಬರೀಬೇಕಿತ್ತು.”

“ವರದೀಲಿ ‘ಕಾರಣ’ ಅಂತ ಒಂದು ಕಾಲಂ ಇದೆ. ಖಾಲಿ ಬಿಡೋ ಹಾಗಿಲ್ಲ. ಲೆಕ್ಕ ಹಾಕಿದ್ದು ನನ್ನ ಕೈಕೆಳಗಿನ ಹುಡುಗಿ, ‘ಸಹಾಯಕಿಯ ಅಜಾಗರೂಕತೆ’ ಅಂತ ಬರೆದೆ. ನಾಲ್ಕು ತಿಂಗಳು ಅದನ್ನೇ ಬರೆದೆ.”

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ನಿನಗೆ ನೆಲಾನೂ ಸಿಗಲಿಲ್ವೇನೋ, ಆ ಹುಡುಗೀನೇ ಬೇಕಾಯ್ತಾ?”

“ಅವಳನ್ನ ಲೆಕ್ಕದ ಕೆಲಸದಿಂದ ತೆಗೆದು ಸ್ಟೋರ್ ರೂಮಿಗೆ ಹಾಕಿದ್ರು. ಈಗ ಇನ್ನೊಂದು ನೌಕೆನೂ ಅಷ್ಟೇ ಹಿಂದೆ ಬೀಳ್ತಿದೆ. ಅದರ ಲೆಕ್ಕ ನಾನೇ ಮಾಡಿದ್ದು.”

“ಅವಳಿಗೆ ಹೇಳ್ದ್ಯಾ?”

“ನಿನ್ನೆ ಮೆಟ್ಟಿಲ ಹತ್ರ ಸಿಕ್ಕಿದ್ಲು. ಹಳೇ ಲೆಕ್ಕ ಎಲ್ಲ ಮನೇಲಿ ಕೂತು ಮತ್ತೆ ಮಾಡ್ತಿದ್ದೀನಿ ಸರ್, ನನ್ನ ತಪ್ಪು ಇನ್ನೂ ಸಿಕ್ಕಿಲ್ಲ ಅಂದ್ಲು.”

“ನೀನೇನಂದೆ?”

“ಊಟ ಆಯ್ತಾ ಅಂತ ಕೇಳ್ದೆ.”

ಒಳಗಿನಿಂದ ಕರೆ ಬಂತು. ಅಕ್ಕ ಚೀಲ ಎತ್ತಿಕೊಂಡು ತಮ್ಮನ ಮುಖ ನೋಡದೆ ಮುಂದೆ ನಡೆದಳು. ಅವನು ತಲೆ ತಗ್ಗಿಸಿ ಹಿಂದೆ ಹೋದ.